ಬಕೆಟ್ಟಿನಲ್ಲಿ ಬಂದ ವೈಪರ್

ಆರ್ಡಿತ್ ವಾನೆಕ್ ನಮ್ಮೂರ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಅಡುಗೆ ಮಾಡಿದವಳು. ನನಗೂ ಬಡಿಸಿದ್ದಾಳೆ. ತಟ್ಟೆಯಲ್ಲಿ ಬೀನ್ಸ್ ಬಿಟ್ಟರೆ ಹೆಸರು ಹಿಡಿದು ಕೂಗುತ್ತಿದ್ದಳು. ಆ ಗಂಟಲು ಕ್ಯಾನ್ಸಸ್ಸಿನ ಗಾಳಿಯನ್ನೂ ಸೀಳಿಕೊಂಡು ಬರುತ್ತಿತ್ತು. ಕೆಲಸದಿಂದ ನಿವೃತ್ತಳಾದ ಮೇಲೆ ಗಾಳ ಹಿಡಿದಳು.

ಬಕ್ನರ್ ಜಲಾಶಯದಲ್ಲಿ ವೈಪರ್ ಹಿಡಿಯುವವರೆಲ್ಲ ದೋಣಿಯವರು, ಮೀನೆಲ್ಲಿದೆಯೆಂದು ತೋರಿಸುವ ಪರದೆ ಇಟ್ಟುಕೊಂಡವರು. ವೈಪರ್ ಎಂದರೆ ಎರಡು ಜಾತಿ ಬಾಸ್ ಮೀನು ಕೂಡಿಸಿ ಸರ್ಕಾರದ ಮೀನುಗಾರಿಕೆ ಇಲಾಖೆಯವರು ಬೆಳೆಸುವ ಮಿಶ್ರತಳಿ. ನಮ್ಮ ನೀರಿನಲ್ಲಿ ಅದರ ಸಂತತಿ ತಾನಾಗಿ ಬೆಳೆಯುವುದಿಲ್ಲ. ಟ್ಯಾಂಕರಿನಲ್ಲಿ ಮರಿ ತಂದು ಸುರಿಯುತ್ತಾರೆ. ಆದರೆ ಗಾಳಕ್ಕೆ ಬಿದ್ದರೆ ತೋಳು ಕಿತ್ತುಬರುವಂತೆ ಎಳೆಯುತ್ತದೆ. ದೋಣಿಯಿಲ್ಲದ ಆರ್ಡಿತ್, ಗಾಳಿ ಮುಖಕ್ಕೆ ರಾಚುವ ದಿನವನ್ನೇ ನೋಡಿ ಅಣೆಕಟ್ಟಿನ ಕಲ್ಲುಗಳ ಮೇಲೆ ನಿಲ್ಲುತ್ತಿದ್ದಳು. ಗಾಳಿ ಸಣ್ಣ ಮೀನುಗಳನ್ನು ಕಲ್ಲಿನತ್ತ ತಳ್ಳುತ್ತದೆ, ಅವುಗಳ ಹಿಂದೆ ವೈಪರ್ ಬರುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆರು ವಸಂತ ಒದ್ದೆಯಾಗಿ ನಿಂತು ಕಲಿತದ್ದು.

ದೋಣಿಕಟ್ಟೆಯ ಅಂಗಡಿ ಲೈಲ್ ಬ್ರುಂಗಾರ್ಟನದು. ಅವನೂ ಅವಳೂ ಒಂದೇ ತರಗತಿಯಲ್ಲಿ ಓದಿದವರು. "ಏನೇ ಆರ್ಡಿತ್, ಇವತ್ತೂ ಕಲ್ಲಿನ ಸೂಪೇನಾ?" ಎಂದು ಅವನು ಕೇಳದ ದಿನವಿಲ್ಲ. ಅವನ ಗಲ್ಲಾಪೆಟ್ಟಿಗೆಯ ಹಿಂದೆ ಗೋಡೆಯ ಮೇಲೆ ಹುಲ್ಲು ತುಂಬಿದ ಒಂದು ವೈಪರ್ ಬಾಯಿ ತೆರೆದು ನಿಂತಿತ್ತು. ಇಪ್ಪತ್ತು ಪೌಂಡು ಆರು ಔನ್ಸು. ಹನ್ನೆರಡು ವರ್ಷದಿಂದ ಜಲಾಶಯದ ದಾಖಲೆ, ಅವನ ಹೆಸರಿನಲ್ಲಿ.

ಏಪ್ರಿಲಿನ ಒಂದು ಗುರುವಾರ, ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ, ಆರ್ಡಿತಳ ಗಾಳಕ್ಕೆ ಅಂಥದೊಂದು ಬಿತ್ತು. ಮೂವತ್ತೈದು ನಿಮಿಷ ಎಳೆದಾಡಿದಳು. ಮೀನು ದಡಕ್ಕೆ ಬಂದಾಗ ಕಾಲು ಜಾರಿ, ಮಂಡಿ ಕಲ್ಲಿಗೆ ಬಡಿದು ಸೀಳಿತು. ಆದರೂ ಕಿವಿರಿಗೆ ಕೈ ಹಾಕಿದ್ದನ್ನು ಬಿಡಲಿಲ್ಲ. ದಾಖಲೆಯ ಅರ್ಜಿಗಳು ಲೈಲನ ಅಂಗಡಿಯಲ್ಲಿ ಇರುತ್ತಿದ್ದವು. ಅಲ್ಲಿಗೇ ಹೊತ್ತುಕೊಂಡು ಹೋದಳು.

"ಅಯ್ಯೋ, ಕಾಲು ನೋಡ್ಕೊಳ್ಳೇ ಮೊದ್ಲು," ಅಂದನಂತೆ ಲೈಲ್. "ಆಸ್ಪತ್ರೆಗೆ ಹೋಗಿ ಬಾ. ಮೀನು ಐಸಲ್ಲಿರುತ್ತೆ. ಇಲಾಖೆಗೆ ನಾನೇ ಫೋನ್ ಮಾಡ್ತೀನಿ."

ಅವಳು ನಂಬಿದಳು. ಏಳು ಹೊಲಿಗೆ ಹಾಕಿಸಿಕೊಂಡು ಮಧ್ಯಾಹ್ನ ವಾಪಸ್ ಬಂದರೆ, ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಬಿಳಿ ಮಾಂಸದ ಎರಡು ಹಾಳೆ.

"ಮುಳ್ಳು ಬಿಡಿಸಿ ಕ್ಲೀನ್ ಮಾಡಿದೀನಿ. ಹುರಿಯೋಕೆ ಅಂತ ತಾನೇ ನೀನು ತಂದದ್ದು?" ಅಂದನಂತೆ ಲೈಲ್.

ಆರ್ಡಿತ್ ಆ ಚೀಲ ಎತ್ತಿಕೊಂಡಳಂತೆ. ಅಂಗಡಿಯ ಹಿಂದಿನ ಕಸದ ಡಬ್ಬಿ ಮಗುಚಿ, ತಲೆ, ಬೆನ್ನುಮೂಳೆ, ಚರ್ಮ, ಕರುಳು, ಎಲ್ಲವನ್ನೂ ಬಕೆಟ್ಟಿಗೆ ಹಾಕಿಕೊಂಡು ನೇರ ನನ್ನ ಹತ್ತಿರ ಬಂದಳು. ಊರಿನ ದಿನಸಿ ಅಂಗಡಿಯಲ್ಲಿ ಮಾಂಸದ ಕಟ್ಟೆ ನನ್ನದು. ಸರ್ಕಾರದ ಮೊಹರಿರುವ ತಕ್ಕಡಿ ಸುತ್ತಮುತ್ತ ಅದೊಂದೇ.

"ಗ್ಲೆನ್, ತಕ್ಕಡಿ ಒರೆಸು."

"ಏನಾಯ್ತು ಆರ್ಡಿತ್? ಕಾಲಲ್ಲಿ ರಕ್ತ ಬರ್ತಿದೆ, ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ. ತೂಗು."

ಒಂದೊಂದೇ ತುಂಡು ಇಟ್ಟಳು. ಸಾಮಾನಿನ ಗಾಡಿ ತಳ್ಳುತ್ತಿದ್ದವರು ಅಲ್ಲಲ್ಲೇ ನಿಂತರು. ನೆಲಕ್ಕೆ ತೊಟ್ಟಿಕ್ಕುತ್ತಿದೆ ಎಂದು ಒಬ್ಬ ಹೆಂಗಸು ಮೂಗು ಮುಚ್ಚಿದಳು. ಆರ್ಡಿತ್ ತಿರುಗಿದಳು. "ಒರೆಸ್ತೀನಿ ಬಿಡೇ. ನಿನ್ನ ಮಗನ ವಾಂತಿ ನಾಲ್ಕು ವರ್ಷ ಒರೆಸಿದೋಳು ನಾನು."

ಎಲ್ಲ ಸೇರಿ ಇಪ್ಪತ್ತೊಂದು ಪೌಂಡು ಎರಡು ಔನ್ಸು. ಸೋರಿಹೋದ ರಕ್ತ, ನೀರು ಬಿಟ್ಟು. ನಾನು ಚೀಟಿ ಬರೆದು ಸಹಿ ಹಾಕಿದೆ. 

ಇಲಾಖೆಗೆ ನಾನೇ ಫೋನ್ ಮಾಡಿದೆ. ಮರುದಿನ ಮೀನುಶಾಸ್ತ್ರ ಓದಿದ ಹುಡುಗಿಯೊಬ್ಬಳು ಬಂದಳು. ಹಿಂದಿನ ದಿನ ಬಕ್ನರಿನಿಂದ ಬೇರೆ ಯಾರ ಫೋನೂ ಬಂದಿರಲಿಲ್ಲ ಎಂದಳು. ತಲೆಯನ್ನು ಎತ್ತಿ ನಾಲಗೆಯ ಮೇಲಿನ ಹಲ್ಲು ನೋಡಿದಳು, ಚರ್ಮದ ಪಟ್ಟೆ ನೋಡಿದಳು. "ವೈಪರೇ, ಅನುಮಾನವಿಲ್ಲ," ಎಂದವಳು ನಿಯಮಗಳ ಪುಸ್ತಕ ತೆರೆದು ಮುಖ ಸಪ್ಪಗೆ ಮಾಡಿಕೊಂಡಳು. "ಆದ್ರೆ ಮೀನು ಇಡಿಯಾಗಿರ್ಬೇಕು ಮೇಡಂ. ಕೊಯ್ದದ್ದನ್ನ ದಾಖಲೆ ಮಾಡೋ ಹಾಗಿಲ್ಲ."

"ಕೊಯ್ದೋನು ಯಾರು ಅಂತ ಕೇಳುತ್ತಾ ನಿನ್ನ ಪುಸ್ತಕ?"

"ಇಲ್ಲ ಮೇಡಂ."

"ಹಾಗಾದ್ರೆ ಮುಚ್ಚು ಅದನ್ನ."

ಆಮೇಲೆ ಆರ್ಡಿತ್ ಇಲಾಖೆಗೆ ಮೂರು ಕಾಗದ ಬರೆದಳು. ನನ್ನ ಚೀಟಿಯನ್ನೂ ಲಗತ್ತಿಸಿದಳು. ಮೂರಕ್ಕೂ ಒಂದೇ ಉತ್ತರ. ಊರಿನವರಲ್ಲಿ ಅರ್ಧ ಜನ, ಪಾಪ ಲೈಲ್ ತಪ್ಪು ತಿಳಿದುಕೊಂಡ, ಒಂದು ಮೀನಿಗಾಗಿ ಇಷ್ಟೇಕೆ ಎಂದರು. ಇನ್ನೊಬ್ಬರ ಮೀನಿಗೆ ಕೇಳದೆ ಚೂರಿ ಹಾಕಬಾರದೆಂಬುದು ಮೂವತ್ತು ವರ್ಷ ದೋಣಿಕಟ್ಟೆ ನಡೆಸಿದವನಿಗೆ ಗೊತ್ತಿರಲಿಲ್ಲವೇ? ದಿನಸಿ ಅಂಗಡಿಯಲ್ಲಿ ನಿಂತು ಈ ಮಾತು ಕೇಳಿ ಕೇಳಿ ನನಗೇ ರೋಸಿಹೋಗಿತ್ತು. ಅವಳಿಗೆ ಹೇಗಾಗಿರಬೇಡ.

ನವೆಂಬರಿನಲ್ಲಿ ಚರ್ಚಿನ ಸಂತರ್ಪಣೆ. ಹುರಿದ ಬಾತುಕೋಳಿ, ಹಿಟ್ಟಿನ ಕಡುಬು, ಹುಳಿ ಎಲೆಕೋಸು. ನಾನೂ ನನ್ನ ಹೆಂಡತಿಯೂ ಆರ್ಡಿತಳ ಎದುರು ಕೂತಿದ್ದೆವು. ಲೈಲ್ ತಟ್ಟೆ ಹಿಡಿದು ಬಂದು ಅವಳ ಪಕ್ಕ ನಿಂತ. ಪಾದ್ರಿಯೂ ನೋಡುತ್ತಿದ್ದರು.

"ಆರ್ಡಿತ್, ಆದದ್ದಾಯ್ತು. ಮರೆತುಬಿಡೋಣ."

ಅವಳು ಚಮಚ ಕೆಳಗಿಟ್ಟಳು. "ಕ್ಷಮಿಸು ಅಂತಿದೀಯೋ, ಮರೆತುಬಿಡು ಅಂತಿದೀಯೋ? ಎರಡೂ ಒಂದಲ್ಲ."

"ಎಲ್ಲರ ಮುಂದೆ ಯಾಕೆ ಈಗ..."

"ಎಲ್ಲರ ಮುಂದೆ ಬಂದೋನು ನೀನು. ಹಾಗಾದ್ರೆ ಎಲ್ಲರ ಮುಂದೇನೇ ಹೇಳು. ಅದನ್ನ ತೂಗಿ ನೋಡಿದ್ಯಾ, ಕೊಯ್ಯೋ ಮುಂಚೆ?"

ಲೈಲನ ಕಿವಿ ಕೆಂಪಾಯಿತು. ತಟ್ಟೆಯತ್ತ ನೋಡಿದ, ನನ್ನತ್ತ ನೋಡಿದ. ನಾನು ಅವನ ಮುಖದಿಂದ ಕಣ್ಣು ಕೀಳಲಿಲ್ಲ.

"ತೂಗಿದ್ದೆ," ಎಂದ, ಬಹಳ ಸಣ್ಣ ದನಿಯಲ್ಲಿ.

"ಜೋರಾಗಿ ಹೇಳೋ. ಹಿಂದಿನ ಮೇಜಿನೋರಿಗೆ ಕೇಳಿಸ್ಲಿಲ್ಲ."

ಅವನು ತಟ್ಟೆಯನ್ನು ಹತ್ತಿರದ ಮೇಜಿನ ಮೇಲಿಟ್ಟು ಕೋಟನ್ನೂ ಹಾಕಿಕೊಳ್ಳದೆ ಹೊರಗೆ ಹೋದ. ಆದರೆ ಕೇಳಿಸಬೇಕಾದವರಿಗೆ ಕೇಳಿಸಿತ್ತು. ಒಂದು ಮೀನಿಗಾಗಿ ಇಷ್ಟೇಕೆ ಎಂಬ ಮಾತನ್ನು ಆಮೇಲೆ ನನ್ನ ಕಟ್ಟೆಯ ಮುಂದೆ ಯಾರೂ ಆಡಲಿಲ್ಲ.

ನನ್ನ ಹೆಂಡತಿ ಆರ್ಡಿತಳ ತೋಳು ಮುಟ್ಟಿ, "ಈಗ ಸಮಾಧಾನ ಆಯ್ತಾ?" ಎಂದಳು.

"ಇಲ್ಲ," ಎಂದಳು ಆರ್ಡಿತ್. "ಆಗೋದೂ ಇಲ್ಲ. ಆ ಕಡುಬು ಇತ್ತ ಕೊಡು."