ಕಮಲಾಪುರದಲ್ಲಿ ಅಡುಗೆಯವರ ಸಂತನ ಊಟ

ಆಗಸ್ಟ್ ಹತ್ತರ ಬೆಳಿಗ್ಗೆ ಆರೂವರೆಗೆ ನಾನು ಮತ್ತು ನಮ್ಮ ಓಣಿಯ ಶಾಂತಮ್ಮ ಶಹಾಬಜಾರದಿಂದ ಹೊರಟೆವು. ಮದುವೆ ಮನೆಗಳಲ್ಲಿ ಅಡುಗೆ ಮಾಡುವ ಅವರನ್ನು ನಾನು ಚಿಕ್ಕಂದಿನಿಂದಲೂ ಅತ್ತಿ ಎಂದೇ ಕರೆಯುವುದು. ಕಮಲಾಪುರದ ಬಸ್ಸಿನಲ್ಲಿ ಅವರು ಆಧಾರ್ ಕಾರ್ಡ್ ತೋರಿಸಿದರು. ದುಡ್ಡು ಕೊಟ್ಟು ಟಿಕೆಟ್ ತೆಗೆಸಿದ್ದು ನಾನೊಬ್ಬನೇ. ರಾತ್ರಿ ಮಳೆಯಾಗಿ ತೊಗರಿ ಹೊಲಗಳು ತೊಳೆದಂತಿದ್ದವು.

ಅಂದು ಅಡುಗೆಯವರನ್ನು ಕಾಯುವ ಸಂತ ಲಾರೆನ್ಸರ ಹಬ್ಬ. ಕಮಲಾಪುರದ ಪುಟ್ಟ ಚರ್ಚಿನಲ್ಲಿ ಸುತ್ತಲಿನ ಅಡುಗೆಯವರೆಲ್ಲ ಸೇರುತ್ತಾರೆ. ಅವರಿಗೆ ಅಡುಗೆ ಮಾಡಿ ಬಡಿಸುವ ಪಾಳಿ ಮೊದಲ ಸಲ ನಮ್ಮ ಅತ್ತಿಯ ಪಾಲಿಗೆ ಬಂದಿತ್ತು. ಉಣ್ಣುವವರೆಲ್ಲ ಅಡುಗೆಯವರೇ!

"ರಾಜನ ಮಂದಿ ಕೆಂಡದ ಮ್ಯಾಲ ಕಬ್ಬಿಣದ ಜಾಳಗಿ ಇಟ್ಟು ಅವನ್ನ ಸುಡಾಕತ್ತಾಗ, 'ಈ ಮಗ್ಗಲ ಬೆಂದದ, ತಿರುವಿ ಹಾಕ್ರಿ' ಅಂದನಂತ ಪುಣ್ಯಾತ್ಮ," ಎಂದು ಅತ್ತಿ ಸಂತನ ಕತೆ ಹೇಳಿದರು.

"ನಿಮಗೂ ಅಷ್ಟು ಧೈರ್ಯ ಅದ ಏನ್ರಿ ಅತ್ತಿ?"

"ಬೆಂಕಿಗಿ ಅಂಜಂಗಿಲ್ಲೋ. ಆ ಯೇಸಪ್ಪಕಾಕಾನ ನಾಲಿಗಿಗಿ ಅಂಜತೀನಿ."

ಇಷ್ಟು ವರ್ಷ ಈ ಹಬ್ಬದ ಅಡುಗೆ ಮಾಡಿದ ಹಿರಿಯರು ಯೇಸಪ್ಪಕಾಕಾ. ಮೊಣಕಾಲು ನೋವೆಂದು ಈ ಸಲ ಸೌಟು ಬಿಟ್ಟಿದ್ದರು, ಆದರೆ ನಾವು ಚರ್ಚು ಮುಟ್ಟುವಷ್ಟರಲ್ಲಿ ಒಲೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದರು.

"ಏನವ್ವಾ ಶಹರದಾಕಿ, ಬ್ಯಾಳಿ ಬೇಯಸ್ತೀಯೋ, ಫೋಟೋ ಹೊಡಸ್ಕೋತೀಯೋ?"

ಅಲ್ಲಿನ ಪದ್ಧತಿ ಹೀಗೆ: ಸಂತನ ಪಾಲು ತೆಗೆದಿಡುವ ತನಕ ಅಡುಗೆಯ ರುಚಿ ನೋಡುವಂತಿಲ್ಲ. ಅತ್ತಿ ಬೇಳೆಗೆ ಉಪ್ಪು ಹಾಕುತ್ತಿದ್ದಾಗಲೇ ಪ್ರಾರ್ಥನೆ ಶುರುವಾಯಿತು. ಎಲ್ಲರಂತೆ ಕೈಮುಗಿದು ನಿಂತರು. ಮುಗಿದ ಮೇಲೆ ನನ್ನ ಕಡೆ ತಿರುಗಿದ ಅವರ ಮುಖ ಬಿಳುಚಿಕೊಂಡಿತ್ತು.

"ಎರಡು ಹಿಡಿ ಹಾಕೀನೋ, ಮೂರೋ?"

ಅತ್ತಿ ಸೆರಗು ಬಿಗಿದು ಪಾತ್ರೆಯ ಮೇಲೆ ಬಗ್ಗಿದರು. ಹಬೆಯಲ್ಲಿ ಮುಖವಿಟ್ಟು, ಕಣ್ಣು ಮುಚ್ಚಿ, ಮೂರು ಸಲ ಉಸಿರೆಳೆದುಕೊಂಡರು. ಆಮೇಲೆ ಇನ್ನೊಂದು ಹಿಡಿ ಹಾಕಿಯೇಬಿಟ್ಟರು.

"ಆತು, ಸಮುದ್ರ ಮಾಡಿದಿ!" ಎಂದರು ಕಾಕಾ.

ಹನ್ನೆರಡೂವರೆಗೆ ಪಂಕ್ತಿ ಕೂತಿತು. ಬಾಳೆಲೆಯ ತುದಿಗೆ, ಸಾಲದವರು ಬೆರೆಸಿಕೊಳ್ಳಲೆಂದು, ಚಿಟಿಕೆ ಉಪ್ಪು, ಆಮೇಲೆ ಅನ್ನ, ಬೇಳೆ, ಕಮಲಾಪುರದ ಕೆಂಪು ಬಾಳೆಹಣ್ಣು. ಎಲ್ಲರೂ ಉಣ್ಣತೊಡಗಿದರು. ಅಡುಗೆಯವರು ಇನ್ನೊಬ್ಬರ ಅಡುಗೆಯನ್ನು ಹೊಗಳುವುದುಂಟೇ? ಕಾಕಾ ಮಾತ್ರ ಎರಡನೆಯ ಸಲ ಬೇಳೆ ಹಾಕಿಸಿಕೊಂಡರು. ಅದೂ ತಲೆಯೆತ್ತದೆ.

ಊಟ ಮುಗಿದು ಎಲ್ಲರೂ ಕೈತೊಳೆಯಲು ಎದ್ದಾಗ ನಾನು ಸಾಲಿನುದ್ದಕ್ಕೂ ನೋಡುತ್ತ ನಡೆದೆ. ಒಂದೆಲೆಯಲ್ಲೂ ತುದಿಯ ಉಪ್ಪು ಕದಲಿರಲಿಲ್ಲ. ಎಲೆ ತೆಗೆಯಲು ಹೆಂಗಸರು ಬಂದರು.

"ಕಾಕಾರ ಎಲಿ ಬಿಡ್ರವ್ವಾ, ಅದು ನಂದು," ಎಂದರು ಅತ್ತಿ. ಆ ಬಿಳಿ ಚಿಟಿಕೆ ಚೆಲ್ಲದ ಹಾಗೆ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಎಲ್ಲರ ನಡುವೆ ನಿಧಾನವಾಗಿ ನಡೆದುಹೋದರು.