ಮೆಡಲು ಬಂದ ವರ್ಷ ನಮ್ಮ ಫಿಜಿಕ್ಸ್ ವಿಭಾಗ

ನಮ್ಮ ಕಾಲೇಜಿಗೆ ಸೈಕಲ್ಲಿನಿಂದ ಹೆಸರು ಬಂತು ಎಂದು ವಿಜಯಪುರದಲ್ಲಿ ಜನ ಈಗಲೂ ಹೇಳುತ್ತಾರೆ. ಅದು ಅರ್ಧ ನಿಜ. ಉಳಿದರ್ಧವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಯಾಕೆಂದರೆ ಮೆಡಲು ತಂದ ಹುಡುಗಿ ನನ್ನ ವಿದ್ಯಾರ್ಥಿನಿ, ಮತ್ತು ಅವಳು ಫೇಲಾದದ್ದು ನನ್ನ ವಿಷಯದಲ್ಲೇ.

ಹುಡುಗಿಯರ ಪದವಿ ಕಾಲೇಜು ನಮ್ಮದು. ಬೇರೆಲ್ಲೂ ಸೀಟು ಸಿಗದವರು ಕೊನೆಗೆ ಬಂದು ಸೇರುವ ಜಾಗ ಎಂಬ ಮಾತಿತ್ತು. ಜಲನಗರದಲ್ಲಿ ನನ್ನ ಪಕ್ಕದ ಮನೆಯವರೇ ಮಗಳನ್ನು ಧಾರವಾಡಕ್ಕೆ ಕಳಿಸಿ, ಆಮೇಲೆ ನನ್ನ ಹತ್ತಿರ ಬಂದು, "ಬ್ಯಾಸರ ಮಾಡ್ಕೋಬ್ಯಾಡ್ರಿ ಮೇಡಂ, ನಿಮ್ಮ ಮ್ಯಾಲೆ ಏನೂ ಇಲ್ಲ, ಕಾಲೇಜಿಗೆ ಹೆಸರಿಲ್ಲ ನೋಡ್ರಿ" ಎಂದಿದ್ದರು. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಫಿಜಿಕ್ಸ್ ತೆಗೆದುಕೊಳ್ಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ವಿಭಾಗವನ್ನೇ ಮುಚ್ಚಿಬಿಡೋಣವೇ ಎಂಬ ಮಾತು ಆಡಳಿತ ಮಂಡಳಿಯಲ್ಲಿ ಎದ್ದಿತ್ತು.

ಆ ಹೊತ್ತಿಗೆ ಬಂದವಳು ಈ ಹುಡುಗಿ. ಊರು ತಿಕೋಟಾ. ಮನೆಯವರದು ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ದೊಡ್ಡ ಶೆಡ್ಡು. ನಮ್ಮ ಜಿಲ್ಲೆಯಲ್ಲಿ ಸೈಕಲ್ ರೇಸಿನ ಹುಚ್ಚು ಹೊಸದಲ್ಲ. ಬೆಳಕು ಹರಿಯುವ ಹೊತ್ತಿಗೆ ಡಾಂಬರು ರಸ್ತೆಯ ಅಂಚಿನಲ್ಲಿ ಬಗ್ಗಿ ಕೂತು ಹೋಗುವ ಹುಡುಗ ಹುಡುಗಿಯರನ್ನು ಕಂಡು ಲಾರಿಯವರೂ ಜಾಗ ಬಿಡುತ್ತಾರೆ. ಅವಳು ತಿಕೋಟಾದಿಂದ ಹೊರಟು, ವಿಜಯಪುರ ದಾಟಿ ಭೂತನಾಳ ಕೆರೆಯವರೆಗೂ ಹೋಗಿ ತಿರುಗಿ, ಬೆವರಿಳಿಯುತ್ತಿದ್ದ ಮುಖದಲ್ಲೇ ನನ್ನ ಮೊದಲ ತಾಸಿಗೆ ಬರುತ್ತಿದ್ದಳು. ಹೆಲ್ಮೆಟ್ಟನ್ನು ಬೆಂಚಿನ ಕೆಳಗಿಟ್ಟು ಹಿಂದಿನ ಸಾಲಿನಲ್ಲಿ ಕೂತರೆ ಒಮ್ಮೊಮ್ಮೆ ನಿದ್ದೆ ಹತ್ತುತ್ತಿತ್ತು. ಎಚ್ಚರವಿದ್ದ ದಿನ ಮಾತ್ರ ಒಳ್ಳೆಯ ಪ್ರಶ್ನೆ ಕೇಳುತ್ತಿದ್ದಳು.

ಅಂತರ ವಿಶ್ವವಿದ್ಯಾಲಯ ಸೈಕ್ಲಿಂಗ್ ಸ್ಪರ್ಧೆಗೆ ಅವಳ ಆಯ್ಕೆಯಾಯಿತು. ಸ್ಪರ್ಧೆ ಬೇರೆ ರಾಜ್ಯದಲ್ಲಿ, ಅದೂ ನಮ್ಮ ಆಂತರಿಕ ಪರೀಕ್ಷೆಯ ವಾರದಲ್ಲಿ. ಕಳಿಸಬೇಕೋ ಬೇಡವೋ ಎಂದು ಸ್ಟಾಫ್ ರೂಮಿನಲ್ಲಿ ಚರ್ಚೆ ನಡೆಯಿತು. ನಿವೃತ್ತಿಗೆ ಹತ್ತಿರವಿದ್ದ ಗಣಿತದ ಸರ್ ಚಹಾದ ಕಪ್ಪು ಕೆಳಗಿಟ್ಟು, "ಕಾಲಿನ ಹೆಸರು ಕಾಲಿಗೆ, ತಲಿ ಹೆಸರು ತಲಿಗೆ. ನಾಳೆ ಮಂದಿ ನಮ್ಮನ್ನ ಸೈಕಲ್ ಕಾಲೇಜ್ ಅಂತಾರ, ನೋಡ್ಕೋತ ಹೋಗ್ರಿ" ಎಂದರು.

ಆಟ ಕಲಿಸುವ ಮೇಡಂ ಜಗಳವಾಡಲಿಲ್ಲ. "ಈಗ ಏನ್ ಅಂತಾರ್ರಿ ಸರ್ ನಮ್ಮನ್ನ?" ಎಂದಷ್ಟೇ ಕೇಳಿದರು. ಗಣಿತದ ಸರ್ ಕಪ್ಪನ್ನು ಮತ್ತೆ ಕೈಗೆತ್ತಿಕೊಂಡರು. ಹುಡುಗಿ ಹೋದಳು.

ಹೋದವಳು ಗೆದ್ದು ಬಂದಳು. ರಸ್ತೆ ರೇಸಿನಲ್ಲಿ ಚಿನ್ನ. ವಿಶ್ವವಿದ್ಯಾಲಯದ ಹೆಸರಿದ್ದ ಜರ್ಸಿ ತೊಟ್ಟು ಕೈಯೆತ್ತಿ ನಿಂತ ಅವಳ ಫೋಟೊ ಎಲ್ಲ ಪೇಪರುಗಳಲ್ಲಿ ಬಂತು. ರೈಲಿನಿಂದ ಇಳಿದ ದಿನ ಡೊಳ್ಳಿನೊಂದಿಗೆ ಸ್ಟೇಷನ್ ರಸ್ತೆಯುದ್ದಕ್ಕೂ ಮೆರವಣಿಗೆಯಾಯಿತು. ಅಂಗಡಿಯವರು ತಾವಾಗಿಯೇ ಪೇಡೆ ತಂದು ಹಂಚಿದರು. ಅವಳ ಅವ್ವ ಸೆರಗಿನ ತುದಿಯನ್ನು ಹಲ್ಲಲ್ಲಿ ಹಿಡಿದು, ಅಳಬಾರದೆಂದು ನಿಂತಿದ್ದು ನನಗೆ ಚೆನ್ನಾಗಿ ನೆನಪಿದೆ.

ಮೆರವಣಿಗೆಯ ಧೂಳು ಇಳಿಯುವ ಮೊದಲೇ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ ಅವರು. ಕಾಲೇಜಿನ ಮೇಲೆ ಜೀವ ಇಟ್ಟುಕೊಂಡವರು. "ಆ ಹುಡುಗಿದು ಆಂತರಿಕ ಪರೀಕ್ಷೆ ತಪ್ಪೇತಲ್ಲ ಮೇಡಂ, ಏನರ ನೋಡಿ ಮಾರ್ಕ್ಸ್ ಹಾಕಿಬಿಡ್ರಿ. ಇಂಥಾ ಹೊತ್ತಿನ್ಯಾಗ ಆಕಿ ಹಿಂದ ಬೀಳಬಾರ್ದು. ಕಾಲೇಜಿನ ಹೆಸರಿನ ಪ್ರಶ್ನೆ" ಎಂದರು.

ನೋಡ್ತೀನ್ರಿ ಎಂದಷ್ಟೇ ಹೇಳಿ ಎದ್ದೆ. ಹೊರಗೆ ಬಂದು ಹುಡುಗಿಯನ್ನು ಲ್ಯಾಬಿಗೆ ಕರೆದು ಇದ್ದ ಸಂಗತಿಯನ್ನು ಹೇಳಿದೆ. ಅವಳು ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ ಮೇಡಂ. ನನಗ ಸುಳ್ಳ ಮಾರ್ಕ್ಸ್ ಕೊಟ್ರ, ಮೆಡಲೂ ಸುಳ್ಳ ಅಂತಾರ್ರಿ ಮಂದಿ."

"ಪರೀಕ್ಷೆ ಬರೀತಿ ಹಂಗಾರ?"

"ಬರೀತೀನ್ರಿ. ಬಂದಷ್ಟ ಬರೀತೀನಿ."

ಪ್ರಿನ್ಸಿಪಾಲರಿಗೆ ಅವಳ ಮಾತನ್ನೇ ತಿಳಿಸಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, "ಹಂಗಂದಳೇನು?" ಎಂದರು. ಸ್ಪರ್ಧೆಗೆ ಹೋದವರಿಗೆಂದು ನಿಯಮದಲ್ಲಿ ಅವಕಾಶವಿತ್ತು. ಬೇರೆ ದಿನ ಬೇರೆ ಪ್ರಶ್ನೆಪತ್ರಿಕೆ ಮಾಡಿ ಪರೀಕ್ಷೆ ತೆಗೆದುಕೊಂಡೆ. ಅವಳಿಗೆ ಬಂದದ್ದು ಸ್ವಲ್ಪವೇ. ಸೆಮಿಸ್ಟರ್ ಪರೀಕ್ಷೆಯಲ್ಲಿ ಉಳಿದೆಲ್ಲ ಪಾಸಾಗಿ ಫಿಜಿಕ್ಸ್ ಒಂದು ಉಳಿಯಿತು. ಫಲಿತಾಂಶದ ದಿನ ಅವಳ ಎದುರು ನಿಲ್ಲುವುದು ನನಗೇ ಕಷ್ಟವಾಯಿತು. "ಮುಂದಿನ ಸಲ ತಗೀತೀನ್ರಿ" ಎಂದು ಅವಳೇ ನನಗೆ ಸಮಾಧಾನ ಹೇಳಿ ಹೋದಳು.

ಜೂನ್ ಬಂತು. ಪ್ರವೇಶದ ಕಿಟಕಿಯ ಮುಂದೆ ನಾವು ಎಂದೂ ಕಾಣದಷ್ಟು ಜನ. ಸಿಂದಗಿ ಕಡೆಯವರು, ಇಂಡಿ ಕಡೆಯವರು. ಅರ್ಧ ಜನ ಕೇಳುತ್ತಿದ್ದದ್ದು ಒಂದೇ, "ಇದ ಅಲ್ರಿ, ಸೈಕಲ್ ಹುಡುಗಿ ಕಾಲೇಜು?" ಗಣಿತದ ಸರ್ ನನ್ನ ಕಡೆ ನೋಡಿ ಹುಬ್ಬು ಏರಿಸಿದರು. ಹೇಳಿದ್ದೆನಲ್ಲ ಎಂಬಂತೆ.

ಆ ಗದ್ದಲದಲ್ಲಿ ಬಬಲೇಶ್ವರದಿಂದ ಒಬ್ಬ ತಂದೆ ಮಗಳೊಂದಿಗೆ ಬಂದಿದ್ದರು. ಅಲ್ಲಿ ಅವರದೊಂದು ಬಟ್ಟೆ ಅಂಗಡಿ. ತಲೆಗೆ ಬಿಳಿ ಟೋಪಿ, ಮೆತ್ತಗಿನ ಮಾತು. ಮಗಳು ದುಪಟ್ಟಾ ಸರಿಪಡಿಸಿಕೊಳ್ಳುತ್ತ ಅವರ ಹಿಂದೆ ನಿಂತಿದ್ದಳು. ಆಕೆಗೆ ಫಿಜಿಕ್ಸೇ ಬೇಕಂತೆ. ನನ್ನ ಮುಂದೆ ಕೂತು ತಂದೆ ಹೇಳಿದರು:

"ನಮ್ಮ ಹುಡುಗಿ ಸೈಕಲ್ ಹೊಡಿಯಂಗಿಲ್ರಿ ಮೇಡಂ. ಆದ್ರ ಆ ಫೋಟೋ ನೋಡಿ ನಾ ಬಂದೀನಿ. ಒಂದ ಹೆಣ್ಮಗುನ್ನ ಅಷ್ಟ ದೂರ ಕಳಿಸಿ, ಜ್ವಾಕಿಲೆ ಕರ್ಕೊಂಡು ಬಂದಾರಂದ್ರ, ಮಕ್ಕಳನ್ನ ನೋಡ್ಕೊಳ್ಳು ಕಾಲೇಜ್ ಇದು ಅನಿಸ್ತು. ಒಂದ ಮಾತ ಕೇಳ್ಲೇನ್ರಿ?"

"ಕೇಳ್ರಿ."

"ಆ ಹುಡುಗಿ ಪಾಸಾದಳೇನ್ರಿ?"

ಅಕ್ಕಪಕ್ಕದಲ್ಲಿ ಕೂತವರು ಕಿವಿ ಇತ್ತ ತಿರುಗಿಸಿದ್ದು ನನಗೆ ಗೊತ್ತಾಯಿತು. ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತಿದ್ದರು. ಒಂದು ವಿಷಯ ಉಳಿದಿದೆ, ಅದು ನನ್ನದೇ ವಿಷಯ, ಈ ವರ್ಷ ಮತ್ತೆ ಬರೆಯುತ್ತಾಳೆ ಎಂದೆ.

ಆ ಮನುಷ್ಯ ಮಗಳ ಮುಖ ನೋಡಿದರು. ಎದ್ದು ಹೋಗುತ್ತಾರೆ ಎಂದೇ ನಾನು ತಿಳಿದಿದ್ದೆ.

"ಚಲೋ ಆತ್ರಿ" ಎಂದರು. "ಗೆದ್ದ ಬಂದಾಕಿಗೇ ಪುಕ್ಕಟೆ ಪಾಸ್ ಮಾಡಿಲ್ಲಂದ್ರ, ನಮ್ಮ ಹುಡುಗಿ ಮಾರ್ಕ್ಸ್ ತಗೊಂಡ್ರ ಅವು ಖರೇ ಇರ್ತಾವ. ಬರ್ಕೊಳ್ರಿ ಹೆಸರು."

ಪ್ರಿನ್ಸಿಪಾಲರು ಒಳಗೆ ಹೋದರು. ಸಂಜೆ ನನ್ನನ್ನು ಕರೆದು, "ಲ್ಯಾಬಿಗೆ ಏನೇನು ಬೇಕು ಹೇಳ್ರಿ. ಈಗ ಕೇಳಿದ್ರ ಮಂಡಳಿಯವರು ಇಲ್ಲ ಅನ್ನಂಗಿಲ್ಲ" ಎಂದರು. ಎಷ್ಟೋ ವರ್ಷಗಳಿಂದ ಕೇಳುತ್ತಿದ್ದ ಉಪಕರಣಗಳು ಮಳೆಗಾಲ ಮುಗಿಯುವುದರೊಳಗೆ ಬಂದವು. ಮುಚ್ಚಬೇಕೆಂದಿದ್ದ ವಿಭಾಗದಲ್ಲಿ ಕೂರಲು ಸ್ಟೂಲು ಸಾಲದೆ, ಪಕ್ಕದ ಕೆಮಿಸ್ಟ್ರಿಯವರ ಹತ್ತಿರ ಬೇಡಿ ತಂದೆವು.

ತಿಕೋಟಾದ ಹುಡುಗಿ ಉಳಿದ ವಿಷಯಕ್ಕಾಗಿ ಹೊಸಬರ ಜೊತೆ ಮತ್ತೆ ನನ್ನ ತಾಸಿಗೆ ಕೂತಳು. ಈ ಸಲ ಮುಂದಿನ ಸಾಲು. ಪಕ್ಕದಲ್ಲಿ ಬಬಲೇಶ್ವರದ ಹುಡುಗಿ. ಮೆಡಲು ಗೆದ್ದವಳ ಪಕ್ಕ ಕೂರುವುದಕ್ಕೆ ಆಕೆ ಮೊದಲು ಹಿಂಜರಿದಳು. ಒಂದು ದಿನ ನಾನು ತಿರುಗುವ ಚಕ್ರದ ಪಾಠ ಮಾಡುತ್ತಿದ್ದೆ. ಲೆಕ್ಕ ಹಲಗೆ ತುಂಬಿತು, ಇಬ್ಬರ ಮುಖವೂ ಖಾಲಿ. ಮಧ್ಯಾಹ್ನ ಲ್ಯಾಬಿಗೆ ಹೋದರೆ, ಸೈಕಲ್ಲಿನ ಮುಂದಿನ ಗಾಲಿ ಬಿಚ್ಚಿ ತಂದು ಒಬ್ಬಳು ಅಚ್ಚು ಹಿಡಿದಿದ್ದಳು, ಇನ್ನೊಬ್ಬಳು ಗಾಲಿ ತಿರುಗಿಸುತ್ತಿದ್ದಳು.

"ಈಗ ಓರೆ ಮಾಡ ನೋಡು" ಎಂದಳು ಸೈಕಲ್ಲಿನವಳು. ತಿರುಗುವ ಗಾಲಿ ಅಚ್ಚು ಹಿಡಿದವಳ ಕೈಯನ್ನು ಬೇರೆ ಕಡೆಗೇ ಎಳೆಯಿತು. ಬಬಲೇಶ್ವರದವಳು ಬೆಚ್ಚಿ ನಕ್ಕಳು. ಆಮೇಲೆ ಹಲಗೆಯ ಹತ್ತಿರ ಹೋಗಿ ಬೆಳಗಿನ ಲೆಕ್ಕವನ್ನು ತಾನೇ ಬರೆಯುತ್ತ, "ಇದ ಅಲ್ಲೇನ್ ಅಕ್ಕಾ? ನಾ ಓರೆ ಮಾಡಿದ್ದು ಇಲ್ಲಿ, ಅದು ಎಳದಿದ್ದು ಇಲ್ಲಿ" ಎಂದು ಬಾಣದ ಗುರುತು ಹಾಕಿದಳು. ನಾನು ಬಾಗಿಲಲ್ಲೇ ನಿಂತು ಕೇಳಿದೆ. ಒಬ್ಬಳ ಅಂಗೈಗೆ ಗೊತ್ತಿದ್ದದ್ದು ಇನ್ನೊಬ್ಬಳ ಸೀಮೆಸುಣ್ಣಕ್ಕೆ ಇಳಿಯುತ್ತಿತ್ತು. ಒಳಗೆ ಹೋಗಲು ಮನಸ್ಸಾಗಲಿಲ್ಲ.

ತಿಕೋಟಾದವಳು ಆ ಸಲ ಪಾಸಾದಳು. ಭಾರಿ ಮಾರ್ಕ್ಸೇನೂ ಅಲ್ಲ, ಆದರೆ ತನ್ನವು. ಸೈಕಲ್ಲನ್ನೂ ಬಿಡಲಿಲ್ಲ, ಮರುವರ್ಷ ಬೆಳ್ಳಿ ತಂದಳು. ಬಬಲೇಶ್ವರದವಳು ಡಿಗ್ರಿ ಮುಗಿಸುವಾಗ ಇಡೀ ವಿಶ್ವವಿದ್ಯಾಲಯದಲ್ಲಿ ಫಿಜಿಕ್ಸಿಗೆ ಮೊದಲಿಗಳಾದಳು. ಗಣಿತದ ಸರ್ ನಿವೃತ್ತರಾಗಿದ್ದರೂ ಪೇಡೆ ಹಿಡಿದು ಬಂದರು. "ಕಾಲು, ತಲಿ ಅಂತ ಬ್ಯಾರೆ ಮಾಡಿ ತಪ್ಪಿದ್ನೋ ಏನೋ" ಎಂದು ತಾವೇ ಅಂದು, ಮರುಕ್ಷಣ, "ಆದ್ರೂ ಅವತ್ತು ನೀವು ಸೈಕಲ್ ಹುಡುಗಿಗೆ ಪುಕ್ಕಟೆ ಮಾರ್ಕ್ಸ್ ಹಾಕಿದ್ರ ನಾ ಹೇಳಿದ್ದ ಖರೇ ಆಗ್ತಿತ್ತು ಬಿಡ್ರಿ" ಎಂದರು. ಸರ್ ಅಷ್ಟು ಸುಲಭಕ್ಕೆ ಸೋಲುವವರಲ್ಲ.

ಅವರ ಮಾತಿನಲ್ಲಿ ಸತ್ಯವಿತ್ತು. ಒಮ್ಮೆ ಧಾರವಾಡದ ಕಾರ್ಯಾಗಾರಕ್ಕೆ ಹೋದಾಗ ಪರಿಚಯ ಹೇಳಿಕೊಳ್ಳುತ್ತಲೇ, "ಓ, ಸೈಕ್ಲಿಂಗ್‌ನವರು" ಎಂದು ಒಬ್ಬರು ಕುರ್ಚಿ ಎಳೆದು ಕೊಟ್ಟಿದ್ದರು. ಕೂತ ಮೇಲೆ ಅವರು ಕೇಳಿದ್ದು ಮಾತ್ರ, ನಿಮ್ಮ ಲ್ಯಾಬಿನಲ್ಲಿ ಏನೇನು ಮಾಡಿಸುತ್ತೀರಿ ಎಂದು. ಕುರ್ಚಿ ಕೊಡಿಸಿದ್ದು ಮೆಡಲು. ಆ ಪ್ರಶ್ನೆಗೆ ಉತ್ತರ ನಾವೇ ಕೊಡಬೇಕಿತ್ತು. ಆ ಹೊತ್ತಿಗೆ ನಮ್ಮ ಬಳಿ ಉತ್ತರವಿತ್ತು ಎಂಬುದು ನನ್ನ ಸಮಾಧಾನ.

ಈಗ ತಿಕೋಟಾದ ಹುಡುಗಿ ಬಿ.ಎಡ್. ಮಾಡುತ್ತಿದ್ದಾಳೆ, ಬೆಳಗ್ಗೆ ಸಣ್ಣ ಹುಡುಗಿಯರಿಗೆ ಸೈಕಲ್ ಕಲಿಸುತ್ತಾಳೆ. ಹೋದ ತಿಂಗಳು ಅವಳ ಅಣ್ಣನ ಮಗುವಿನ ತೊಟ್ಟಿಲ ಕಾರ್ಯಕ್ಕೆ ಕರೆದಿದ್ದರು, ಹೋಗಿದ್ದೆ. ಊಟವಾದ ಮೇಲೆ ಜೋಕಾಲಿಯ ಮೇಲೆ ಕೂತಿದ್ದಾಗ ಅವಳ ಚಿಕ್ಕಮ್ಮ ಎಲೆ ಅಡಿಕೆ ತಟ್ಟೆ ಹಿಡಿದು ಬಂದರು. ಅವರ ಮಗಳು ಪಿಯುಸಿ ಮುಗಿಸಿದ್ದಳು.

"ನಮ್ಮಾಕಿಗೂ ನಿಮ್ಮ ಕಡೆನ ಹಾಕಬೇಕಂತ ಮಾಡೀವ್ರಿ" ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಆದ್ರ ಆಕಿಗೆ ಸೈಕಲ್ ಬರಂಗಿಲ್ರಿ. ನಡೀತೈತೇನು?"

"ನಡೀತೈತ್ರಿ" ಎಂದೆ. "ಮುಂಜಾನಿ ತಾಸಿಗೆ ನಿದ್ದಿ ಮಾಡದಿದ್ರ ಸಾಕು."

ಒಳಗಿನಿಂದ ತೊಟ್ಟಿಲ ಪಕ್ಕ ಕೂತಿದ್ದ ಸೈಕಲ್ ಹುಡುಗಿ ಜೋರಾಗಿ ನಕ್ಕದ್ದು ಕೇಳಿಸಿತು. ಚಿಕ್ಕಮ್ಮ ಏನೆಂದು ತಿಳಿಯದೆ ತಾವೂ ನಕ್ಕು, ಎಲೆಗೆ ಸುಣ್ಣ ಹಚ್ಚತೊಡಗಿದರು.