ಸ್ಟೇಷನ್ನಿನ ದಾರಿ ಕೇಳುತ್ತಿದ್ದ ಶಾಂತಕ್ಕ

ಮೂವತ್ತು ವರ್ಷ ಮುಂಬಯಿಯಲ್ಲಿದ್ದರೂ ಶಾಂತಕ್ಕನಿಗೆ ಸ್ಟೇಷನ್ನಿಗೆ ಹೋಗುವ ದಾರಿ ಗೊತ್ತಾಗುತ್ತಿರಲಿಲ್ಲ. ಯಾವ ಚಾಳಿನ ಒಂಟಿಕೋಣೆ ಮನೆಗೆ ಹೋದರೂ ಎದ್ದು ಹೊರಡುವಾಗ ಆ ಮನೆಯವರಲ್ಲಿ ಒಬ್ಬರನ್ನೇ ಹಿಡಿದು, "ನನಗ ಈ ಗಲ್ಲಿ ತಿಳಿಯಂಗಿಲ್ಲ, ಸ್ಟೇಷನ್ ತನಕಾ ಬಿಟ್ಟು ಬಾ" ಎನ್ನುತ್ತಿದ್ದರು. ಸಯನ್‌ನಲ್ಲಿ ಒಮ್ಮೆ, ಸ್ಟೇಷನ್ನಿನ ಬೋರ್ಡು ಕಿಟಕಿಯಲ್ಲೇ ಕಾಣುತ್ತಿದ್ದ ಮನೆಯಲ್ಲೂ ಹಾಗೇ ಅಂದರು. ಆ ಮನೆಯ ಯಜಮಾನ ನಕ್ಕ. "ಬಾಯಿ, ಚಷ್ಮಾ ಹಾಕ್ಕೊಳ್ರಿ."

"ಹಾಕ್ಕೊಂಡ್ರ ಮುದುಕಿ ಕಾಣಸ್ತೀನ್ರಿ" ಎಂದು ಸೆರಗು ಸರಿಮಾಡಿಕೊಂಡರು ಶಾಂತಕ್ಕ.

ನಾವಿಬ್ಬರೂ ಒಂದು ಸಂಶೋಧನೆಯಲ್ಲಿ ಕೆಲಸ ಮಾಡುತ್ತಿದ್ದೆವು. ಆತ್ಮಹತ್ಯೆಯ ಅಪಾಯದಲ್ಲಿರುವವರನ್ನು ಮೊದಲೇ ಗುರುತಿಸಿ ವೈದ್ಯರ ಬಳಿಗೆ ತಲುಪಿಸುವುದು ಹೇಗೆ ಎಂಬುದು ಅದರ ವಿಷಯ. ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಫಾರ್ಮು ತುಂಬಬೇಕು. ನಾನು ಎಂ.ಎಸ್.ಡಬ್ಲ್ಯೂ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗಳು. ಭಾಂಡುಪಿನ ಕಾರ್ಖಾನೆಯಲ್ಲಿ ಮೂಟೆ ಹೊರುತ್ತಿದ್ದ ಅಪ್ಪ, ಅದು ಮುಚ್ಚಿದ ಮೇಲೂ ಓದು ಬಿಡಿಸಲಿಲ್ಲ. ಆ ಪದವಿಯ ಹೆಮ್ಮೆ ನನಗೆ ಆಗಲೂ ಇತ್ತು, ಈಗಲೂ ಇದೆ. ಮುಚ್ಚಿಡುವುದಿಲ್ಲ. ಶಾಂತಕ್ಕ ವಿಜಯಪುರದ ಕಡೆಯವರು, ಓದಿದ್ದು ಏಳನೇ ಇಯತ್ತೆ. ನನ್ನನ್ನು ಕರೆಯುತ್ತಿದ್ದದ್ದೇ "ಡಿಗ್ರಿಬಾಯಿ" ಎಂದು.

ಫಾರ್ಮಿನ ಒಂಬತ್ತನೇ ಪ್ರಶ್ನೆ: ಸಾಯಬೇಕೆಂದು ಅನಿಸಿದೆಯೇ? ಅದು ಫಾರ್ಮು ಹಿಡಿದು ಹೋಗುವ ನಮ್ಮವರ ಬಾಯಿಂದ ಹೊರಡುವುದಿಲ್ಲ. ಚಹಾ ಕೊಟ್ಟು ಕೂರಿಸಿದ ಮನೆಯಲ್ಲಿ, ಎಲ್ಲರೂ ನೋಡುತ್ತಿರುವಾಗ, ಅಂಥ ಮಾತು ಕೇಳುವುದು ಹೇಗೆ?

ಘಾಟ್ಕೋಪರಿನ ಚಾಳಿನಲ್ಲಿ ನಾನೂ ಕೇಳಲಿಲ್ಲ. ಉಡುಪಿ ಕಡೆಯ ಸುಧಾಕರ, ಹೋಟೆಲಿನಲ್ಲಿ ದೋಸೆ ಹಾಕುವವರು. ಹೆಸರು ಬದಲಿಸಿದ್ದೇನೆ, ಬರೆಯಲು ಅವರೇ ಒಪ್ಪಿದ್ದಾರೆ. ಹದಿನೈದು ದಿನದಿಂದ ಕೆಲಸಕ್ಕೆ ಹೋಗಿರಲಿಲ್ಲ, ಗೋಡೆಗೊರಗಿ ಕುಳಿತಿದ್ದರು. ಎಂಟು ಪ್ರಶ್ನೆಗಳಿಗೂ ಪಕ್ಕದಲ್ಲಿದ್ದ ಅಣ್ಣನೇ ಉತ್ತರ ಕೊಟ್ಟರು. ಒಂಬತ್ತನೆಯದು ನಾನು ತೊದಲುವ ಮೊದಲೇ, "ಅಂಥದ್ದೆಲ್ಲ ನಮ್ಮಲ್ಲಿ ಇಲ್ಲ ಮಾರಾಯ್ರೆ, ಬರ್ಕೊಳ್ಳಿ" ಎಂದರು. 'ಇಲ್ಲ' ಎಂದು ಬರೆದುಕೊಂಡೆ.

ಬಾಗಿಲ ಬಳಿ ಶಾಂತಕ್ಕ ಫಾರ್ಮು ಇಸಿದುಕೊಂಡು ನೋಡಿದರು.

"ಇದನ್ನ ಯಾರು ಹೇಳಿದ್ರು?"

"ಅವರಣ್ಣ."

"ಪ್ರಶ್ನೆ ಅಣ್ಣಗ ಇತ್ತೇನು?"

ತಿರುಗಿ ಒಳಗೆ ಹೋದರು. "ಏ ತಮ್ಮಾ, ಸ್ಟೇಷನ್ ತನಕಾ ಬಿಟ್ಟು ಬಾ." ಅಣ್ಣ ತಾನೇ ಬರುತ್ತೇನೆಂದು ಎದ್ದರು. "ನೀವು ಈಕಿಗೆ ಇನ್ನೊಂದು ಕಪ್ಪು ಚಾ ಕೊಡ್ರಿ. ಮುಂಜಾನಿಂದ ಉಪಾಸ ಅದಾಳ."

ಅವರ ದಾರಿ ಮರೆಯುವ ಕಾಯಿಲೆ ನನಗೆ ಆಗ ಅರ್ಥವಾಯಿತು. ಒಂದೇ ಖೋಲಿಯ ಮನೆಯಲ್ಲಿ ಮನುಷ್ಯನಿಗೆ ಒಂಟಿಯಾಗಿ ಮಾತಾಡಲು ಇರುವ ಜಾಗ ರಸ್ತೆಯೊಂದೇ.

ಬಹಳ ಹೊತ್ತಾದ ಮೇಲೆ ಇಬ್ಬರೂ ಮರಳಿದರು. ಸುಧಾಕರ ತಾವೇ ಅಣ್ಣನಿಗೆ ಹೇಳಿದರು, ಹೌದು, ಅನಿಸುತ್ತದೆ ಎಂದು. ಶಾಂತಕ್ಕ ಪಕ್ಕದಲ್ಲಿ ನಿಂತಿದ್ದರು, ಅಷ್ಟೇ. ಅಣ್ಣ ಎದ್ದು ಚಪ್ಪಲಿ ಹಾಕಿಕೊಂಡರು. ಅಂದೇ ಮಧ್ಯಾಹ್ನ ನಾಲ್ವರೂ ಆಸ್ಪತ್ರೆಗೆ ಹೋದೆವು.

ಹೊರಗಿನ ಬೆಂಚಿನ ಮೇಲೆ ಕೇಳಿದೆ: "ನಾವು ಕೇಳಿದರೆ ಇಲ್ಲದ್ದನ್ನು ತಲೆಗೆ ಹಾಕಿದ ಹಾಗಾಗುವುದಿಲ್ಲವೇ, ಶಾಂತಕ್ಕ?"

"ಟ್ರೇನಿಂಗಿನ್ಯಾಗ ನಿದ್ದಿ ಮಾಡೀಯೇನು? ಕೇಳಿದ್ರ ಹುಟ್ಟೂದಲ್ಲ ಅದು. ಮೊದಲ ಒಳಗ ಕುಂತಿರತೈತಿ. ಕೇಳಿದ್ರ ಹೊರಗ ಬರತೈತಿ."

ನಾನು ಬರೆದ 'ಇಲ್ಲ'ವನ್ನು ಹೊಡೆದುಹಾಕಿ 'ಹೌದು, ಸ್ಟೇಷನ್ ದಾರಿಯಲ್ಲಿ ಕೇಳಿದ್ದು' ಎಂದು ಬರೆದು ಸಹಿ ಮಾಡಿದರು. ಆಫೀಸಿನಲ್ಲಿ ಅದೇ ದೊಡ್ಡ ಗಲಾಟೆಯಾಯಿತು. ಒಂದು ಮನೆಗೆ ಇಪ್ಪತ್ತೈದು ನಿಮಿಷ, ಅದೂ ಮನೆಯೊಳಗೇ ಎಂದು ನಿಯಮ. ಕೋಆರ್ಡಿನೇಟರ್ ಸಾಹೇಬರು ಕರೆಸಿ ಕೇಳಿದರು: "ಶಾಂತಾಬಾಯಿ, ಪ್ರೋಟೋಕಾಲ್‌ನಲ್ಲಿ ಈ ಸ್ಟೇಷನ್ ಎಲ್ಲಿಂದ ಬಂತು?"

"ಪ್ರೋಟೋಕಾಲ್ ಬರ್ದವರ ಮನ್ಯಾಗ ಎಷ್ಟ ಖೋಲಿ ಅದಾವ್ರಿ ಸಾಹೇಬ್ರ?"

ಮುಂದಿನ ಕಾಂಟ್ರಾಕ್ಟಿನ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ನಾನು ಜಗಳವಾಡಿದೆ, ರಾಜೀನಾಮೆ ಕೊಡುತ್ತೇನೆಂದೆ. ಶಾಂತಕ್ಕನೇ ಗದರಿದರು. "ನೀ ಹ್ವಾದ್ರ ಒಂಬತ್ತನೇದು ಯಾರು ಕೇಳವ್ರು? ಸಾಹೇಬ್ರು ಕೇಳತಾರೇನು?" ಐಡಿ ಕಾರ್ಡು ಮೇಜಿನ ಮೇಲಿಟ್ಟು ಭಾಂಡುಪಿನ ಮಗಳ ಮನೆಗೆ ಹೊರಟರು.

ಆರು ತಿಂಗಳ ನಂತರದ ಭೇಟಿಗೆ ಸುಧಾಕರರ ಮನೆಗೆ ನಾನೊಬ್ಬಳೇ ಹೋದೆ. ಅಣ್ಣ ಮತ್ತೆ ಪಕ್ಕದಲ್ಲೇ ಕುಳಿತರು. "ಈಗ ಕೆಲಸಕ್ಕೆ ಹೋಗ್ತಾನೆ, ಸರಿಯಾಗಿದ್ದಾನೆ. ಬರ್ಕೊಳ್ಳಿ."

ಶಾಂತಕ್ಕನ ನಾಟಕ ನನಗೆ ಬರುವುದಿಲ್ಲ. "ಅಣ್ಣ, ನೀವು ಸ್ವಲ್ಪ ಹೊರಗೆ ಹೋಗಿ" ಎಂದೆ.

"ಎಂತ? ನನ್ನ ಮನೆಯಿಂದ ನನ್ನನ್ನೇ ಹೊರಗೆ ಹಾಕುದಾ?"

"ಹೌದು."

ಸುಧಾಕರ ನಕ್ಕುಬಿಟ್ಟರು. "ಹೋಗು ಮಾರಾಯ. ನಂಗೆ ಮಾತಾಡ್ಲಿಕ್ಕುಂಟು."

ಒಂಬತ್ತನೆಯದನ್ನು ಮುಖ ನೋಡಿಯೇ ಕೇಳಿದೆ. ಅವರು ಹೇಳಿ ಮುಗಿಸುವವರೆಗೆ ಕುಳಿತೆ. ಒಂದು ಗಂಟೆ ಹತ್ತು ನಿಮಿಷ. ಸಮಯದ ಕಾಲಮ್ಮಿನಲ್ಲಿ ಅಷ್ಟನ್ನೇ ಬರೆದು, ಪದವಿ ಸಮೇತ ಸಹಿ ಮಾಡಿದೆ. ಬೇಕಾದವರು ಬಂದು ಕೇಳಲಿ.

ಸಂಜೆ ಶಾಂತಕ್ಕನಿಗೆ ಫೋನ್ ಮಾಡಿದೆ.

"ಕೇಳಿದೇನು?"

"ಕೇಳಿದೆ."

"ಅಣ್ಣ?"

"ಹೊರಗೆ ಹಾಕಿದೆ."

ಜೋರಾಗಿ ನಕ್ಕರು. ಆಮೇಲೆ ದನಿ ತಗ್ಗಿಸಿ, "ಏನಂದ?" ಎಂದರು.

ಹೇಳಿಬಿಡಬೇಕೆನಿಸಿತು. ಅವರಿಗಲ್ಲದೆ ಇನ್ಯಾರಿಗೆ? ಆದರೂ ಅಂದೆ: "ನೀವೀಗ ಸ್ಟಡಿಯಲ್ಲಿಲ್ಲ, ಶಾಂತಕ್ಕ. ಹೇಳುವ ಹಾಗಿಲ್ಲ."



"ಹೇಳಬ್ಯಾಡ" ಎಂದರು. "ನನಗೂ ಹೇಳಬ್ಯಾಡ. ನಾಳೆ ಯಾರ ಮನಿ ಐತಿ?"